ಎಡಗಡೆಯ ಎತ್ತು

“ಮೊದಲ ಎತ್ತಿನ ಮಾತ ಬರಿ,” ಅಂದಳು ಅಜ್ಜಿ.

“ಎತ್ತು ಆಮೇಲೆ ತಡಿಯವ್ವಾ. ಮೊದಲ ವಿಷಯ ಬರೀಬೇಕು, ಅದರ ಕೆಳಗ ಉಲ್ಲೇಖ ಬರಬೇಕು. ಇಲ್ಲಾಂದ್ರ ಯಾರೂ ಓದಂಗಿಲ್ಲ,” ಅಂದರು ಅಪ್ಪ.

ಸ್ನೇಹಲ್ ಪೆನ್ನಿನ ಮುಚ್ಚಳ ಕಚ್ಚುತ್ತಾ ಎದುರಿನ ಪೋಸ್ಟ್ ಕಾರ್ಡ್ ನೋಡಿದಳು. ಕಾರ್ಡ್ ಇದ್ದದ್ದು ಒಂದೇ ಒಂದು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ಸುತ್ತ ನಾಲ್ಕು ಜನ ದೊಡ್ಡವರು ಬಗ್ಗಿ ನಿಂತಿದ್ದರು. ಬೆಳಕೇ ಬೀಳುತ್ತಿರಲಿಲ್ಲ, ಇನ್ನು ಬರೆಯೋದು ಹೇಗೆ?

ಇಷ್ಟು ಗದ್ದಲಕ್ಕೆಲ್ಲ ಕಾರಣ ಟೀವಿಯಲ್ಲಿ ಬರುತ್ತಿದ್ದ ‘ಚಲೋ ಪಶ್ಚಿಮ್’ ಧಾರಾವಾಹಿ. ಅಮೆರಿಕದ ಹಳೇ ಕಾಲದ ಕತೆ. ಹೊಸ ನೆಲ ಹುಡುಕಿಕೊಂಡು ಒಂದಿಷ್ಟು ಸಂಸಾರಗಳು ಎತ್ತಿನ ಬಂಡಿ ಹೂಡಿಕೊಂಡು ಪಶ್ಚಿಮಕ್ಕೆ ಹೊರಟಿದ್ದವು. ಬಂಡಿಗೆ ಬಿಳಿ ಬಟ್ಟೆಯ ಕಮಾನು, ಗಂಡಸರ ತಲೆಗೆ ಅಗಲವಾದ ಟೋಪಿ, ಬಾಯಲ್ಲಿ ಮಾತ್ರ ಅಚ್ಚ ಹಿಂದಿ. ಹೊರಟು ಏಳು ಭಾನುವಾರ ಆಗಿದ್ದರೂ ಒಂದು ಹೊಳೆ ದಾಟಿರಲಿಲ್ಲ. “ಇವರಿಗಿಂತ ನಮ್ಮ ಪುಣೆದಾಗಿನ ಕೊಂಢವಾ ಸಿಟಿ ಬಸ್ ಪಾಡು,” ಅಂತ ಅಪ್ಪ ಪ್ರತಿ ವಾರ ಬೈಯುತ್ತಿದ್ದರು. ಬೈದುಕೊಂಡೇ ಪ್ರತಿ ವಾರ ಹತ್ತು ಗಂಟೆಗೆ ಮುಂಚೆ ಬಂದು ಕೂಡುತ್ತಿದ್ದರು.

ಹೋದ ವಾರದ ಕಂತು ಮುಗಿದ ಮೇಲೆ ಟೀವಿಯ ಅಕ್ಕ ಒಂದು ಮಾತು ಹೇಳಿದ್ದಳು. ಧಾರಾವಾಹಿ ನಿಮಗೆ ಹೇಗನ್ನಿಸಿತು, ಕಾರ್ಡ್ ಬರೆದು ಕಳಿಸಿ, ಚೆನ್ನಾಗಿದ್ದರೆ ಹೆಸರಿನ ಸಮೇತ ಓದುತ್ತೇವೆ ಅಂತ.

ಹೆಸರಿನ ಸಮೇತ! ಸ್ನೇಹಲ್‌ಳ ಕಿವಿಗೆ ಬಿದ್ದದ್ದು ಅದಷ್ಟೇ. ಅವಳ ಕ್ಲಾಸಿನ ಮಾಧುರಿಯ ಹೆಸರನ್ನು ಒಮ್ಮೆ ಹುಟ್ಟುಹಬ್ಬಕ್ಕೆ ರೇಡಿಯೋದಲ್ಲಿ ಓದಿದ್ದರು. ಅವತ್ತಿನಿಂದ ಮಾಧುರಿಯ ಕಾಲು ನೆಲದ ಮೇಲೆ ಇರಲಿಲ್ಲ. ರಬ್ಬರ್ ಕೇಳಿದರೂ ರೇಡಿಯೋ ಸುದ್ದಿ ತೆಗೆಯುತ್ತಿದ್ದಳು. ರೇಡಿಯೋಗಿಂತ ಟೀವಿ ದೊಡ್ಡದು ತಾನೇ? ಐದನೇ ಕ್ಲಾಸಿನಲ್ಲಿ ಹಿಂದಿಗೆ ಅತಿ ಹೆಚ್ಚು ಮಾರ್ಕ್ಸ್ ಸ್ನೇಹಲ್‌ದೇ. ಕಾರ್ಡ್ ಬರೆಯಲು ಅವಳು ಸದ್ದಿಲ್ಲದೆ ಕೂತಿದ್ದಳು. ಸದ್ದಿಲ್ಲದ ಕೆಲಸ ಆ ಮನೆಯಲ್ಲಿ ಯಾವತ್ತು ನಡೆದಿತ್ತು?

ಅಪ್ಪ ಹೊಳಬಸಪ್ಪ ಆಫೀಸಿನಲ್ಲಿ ಕ್ಲಾರ್ಕ್. “ಮಾನ್ಯ ಮಹೋದಯರಿಗೆ” ಅಂತ ಶುರು ಮಾಡಿಸಿ, ವಿಷಯ, ಉಲ್ಲೇಖ, ದಿನಾಂಕ ಅಂತ ಮೂರು ಸಾಲು ತಿಂದು ಹಾಕಿದರು.

ಪಕ್ಕದ ಮನೆಯ ಗೋದಾ ಕಾಕು ಅಲ್ಲಿಗೆ ಸುಮ್ಮನಿರುತ್ತಾರಾ? “ಆ ಹೀರೋಯಿನ್ ಏಳು ವಾರದಿಂದ ಅದೇ ನೀಲಿ ಫ್ರಾಕ್ ಹಾಕ್ಕೊಂಡಾಳ. ಧೂಳ ರಸ್ತೆದಾಗ ಹೊಂಟಾಳ, ಫ್ರಾಕ್ ಮಾತ್ರ ಇಸ್ತ್ರಿ ಮಾಡಿದಂಗ ಅದ. ಯಾವ ಸೋಪು ಹಚ್ತಾಳ ಕೇಳು.”

ಮೇಲಿನ ಮಹಡಿಯ ಲೋಕನಾಥ ಅಂಕಲ್ ಹೋಟೆಲಿನಲ್ಲಿ ಮ್ಯಾನೇಜರ್, ಊರು ಉಡುಪಿಯ ಕಡೆ. ಅವರಿಗೆ ಹೊಟ್ಟೆಯ ಚಿಂತೆ. “ಎಂತ ಮಾರಾಯ್ರೆ, ಮೂರು ಹೊತ್ತೂ ಬರೀ ಬೇಯಿಸಿದ ಕಾಳು. ಅಷ್ಟು ಜನ ಹೋಗುವ ದಾರಿಯಲ್ಲಿ ಒಬ್ಬನಾದರೂ ಹೋಟೆಲ್ ಇಡಬಾರದಾ? ನಾನಿದ್ದಿದ್ದರೆ ಹೊಳೆಯ ಹತ್ತಿರವೇ ಇಡ್ಲಿ ಶುರು ಮಾಡ್ತಿದ್ದೆ. ಬರಿ ಮಗಾ, ಬರಿ.”

ಸ್ನೇಹಲ್ ಎಲ್ಲವನ್ನೂ ಹಿಂದಿಗೆ ತಿರುಗಿಸಿ, ಇರುವೆ ಸಾಲಿನಂತೆ ಸಣ್ಣಗೆ ಬರೆದಳು. ಕೊನೆಗೆ ಎರಡು ಸಾಲು ಉಳಿಯಿತು.

“ಈಗ ಎತ್ತು,” ಅಂದಳು ಅಜ್ಜಿ.

ಅಜ್ಜಿ ಬಸವಣ್ಣೆವ್ವ ಧಾರಾವಾಹಿಯಲ್ಲಿ ಮನುಷ್ಯರನ್ನು ನೋಡುತ್ತಲೇ ಇರಲಿಲ್ಲ. ಹೀರೋ ಯಾರು ಅಂತ ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಇಂದಾಪುರದಲ್ಲಿ ಅಜ್ಜ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದರು. ಇಪ್ಪತ್ತು ವರ್ಷ ಆ ಎತ್ತುಗಳಿಗೆ ಮೇವು, ನೀರು, ಮೈತೊಳೆಯೋದು ಎಲ್ಲ ಅಜ್ಜಿಯದೇ. ಹಾಗಾಗಿ ಅವಳ ಕಣ್ಣು ಎತ್ತಿನ ಮೇಲೆಯೇ. ಮೊದಲ ಬಂಡಿಯ ಎಡಗಡೆಯ ಬಿಳಿ ಮುಖದ ಎತ್ತು ಕುಂಟುತ್ತದೆ ಅನ್ನುವುದು ಅವಳ ದೂರು.

“ಹಿಂದಿನ ಕಾಲಿನ ಲಾಳ ಬಿದ್ದದ. ಏಳು ವಾರ ಆತು, ಒಬ್ಬರೂ ಬಗ್ಗಿ ಅದರ ಗೊರಸು ನೋಡಿಲ್ಲ.”

“ಅಜ್ಜಿ, ಅದು ಟೈಟಲ್ ಸಾಂಗ್. ವಾರಾ ವಾರಾ ಅದೇ ಪಿಕ್ಚರ್ ತೋರಸ್ತಾರ.”

“ನಾನೂ ಅದನ ಹೇಳಲಿಕ್ಕತ್ತೀನಿ. ಅದೇ ಎತ್ತು, ಅದೇ ಕುಂಟು.”

“ಅದು ಯಾವಾಗೋ ಮಾಡಿದ ಶೂಟಿಂಗ್ ಅಜ್ಜಿ. ಎಲ್ಲಾ ಆ್ಯಕ್ಟಿಂಗ್.”

“ಟೋಪಿ ಹಾಕ್ಕೊಂಡವರು ಆ್ಯಕ್ಟಿಂಗ್ ಮಾಡ್ತಾರ,” ಅಂದಳು ಅಜ್ಜಿ. “ಎತ್ತಿಗೆ ಆ್ಯಕ್ಟಿಂಗ್ ಬರ್ತದೇನು?”

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. “ನಿಮ್ಮಜ್ಜನೂ ಒಮ್ಮೆ ಹಿಂಗ, ನಾಳೆ ನೋಡಿದ್ರಾತು ಅಂದಾ. ನಾಲ್ಕನೇ ದಿನ ಎತ್ತು ಕೂತದ್ದು ಏಳಲೇ ಇಲ್ಲ. ಬರಿ ನನ ಕೂಸ, ಎರಡ ಮಾತು ಸಾಕು.”

ಸ್ನೇಹಲ್ ಪೆನ್ನು ಕಾರ್ಡಿನ ಮೇಲೆ ಇಟ್ಟಳು. ಆಗ ಮಾಧುರಿಯ ಮುಖ ಕಣ್ಣಮುಂದೆ ಬಂತು. ಎತ್ತಿನ ಕಾಲು, ಲಾಳ ಅಂತ ಬರೆದರೆ ಟೀವಿಯವರು ಓದುತ್ತಾರಾ? ಓದಿದರೂ ಇಡೀ ಕ್ಲಾಸ್ ಅವಳನ್ನು ಎತ್ತಿನ ಡಾಕ್ಟರ್ ಅಂತ ಕರೆಯುವುದಿಲ್ಲವಾ? ಉಳಿದ ಎರಡು ಸಾಲಿನಲ್ಲಿ ಅವಳು ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು: ಸ್ನೇಹಲ್ ಹೊಳಬಸಪ್ಪ ಬೆಲ್ಲದ, ಐದನೇ ತರಗತಿ, ಕೊಂಢವಾ, ಪುಣೆ.

“ಬರದಿ?” ಅಜ್ಜಿ ಕೇಳಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಬರದೀನಿ,” ಅಂದಳು ಸ್ನೇಹಲ್.

ಅಜ್ಜಿ ಆ ಎರಡು ಸಾಲಿನ ಮೇಲೆ ಬೆರಳಾಡಿಸಿ, “ಅಕ್ಷರ ಪಾಡ ಅದಾವು, ದೊಡ್ಡದಾಗಿ ಬರದಿ. ಅವರಿಗೆ ತಪ್ಪದ ಕಾಣಸ್ತದ,” ಅಂತ ಖುಷಿಪಟ್ಟಳು. ಸ್ನೇಹಲ್ ಕಾರ್ಡ್ ಕಿತ್ತುಕೊಂಡು ಪೋಸ್ಟ್ ಡಬ್ಬಿಗೆ ಓಡಿದಳು.

ಕಾರ್ಡ್ ಹಾಕಿದ ಮೇಲೆ ಮೂರನೇ ಭಾನುವಾರ. ಬಂಡಿಗಳು ಕೊನೆಗೂ ಹೊಳೆಯ ದಡಕ್ಕೆ ಬಂದು, ದಾಟೋದು ಹೇಗೆ ಅಂತ ಅರ್ಧ ಗಂಟೆ ಮಾತಾಡಿ, ಅಲ್ಲೇ ಉಳಿದವು. ಆಮೇಲೆ ಟೀವಿಯ ಅಕ್ಕ ಕಾರ್ಡುಗಳ ರಾಶಿ ಇಟ್ಟುಕೊಂಡು ಕೂತಳು. ಮೊದಲು ನಾಗಪುರದ ಒಂದು ಕಾರ್ಡ್ ಓದಿದಳು. ಆಮೇಲೆ ಇನ್ನೊಂದು ಎತ್ತಿಕೊಂಡು, ಓದುವ ಮೊದಲೇ ನಗತೊಡಗಿದಳು.

“ಯಾವ ಸೋಪು ಅಂತ ಕೇಳಿದ್ದಾರೆ,” ಅಂದಳು ಹಿಂದಿಯಲ್ಲಿ.

ಗೋದಾ ಕಾಕು ಜಿಗಿದೆದ್ದರು. “ನಂದು, ನಂದು ಅದು. ಸುಮ್ಮನಿರ್ರಿ ಎಲ್ಲಾರೂ,” ಅಂತ ತಾವೇ ಕೂಗಿದರು. ಇಡ್ಲಿಯ ಮಾತು ಬಂದಾಗ ಲೋಕನಾಥ ಅಂಕಲ್ ಹೋಟೆಲಿನ ಡ್ಯೂಟಿ ಮರೆತು ಕೈ ಕಟ್ಟಿ ನಿಂತುಬಿಟ್ಟರು. ವಿಷಯ, ಉಲ್ಲೇಖ ಯಾವುದನ್ನೂ ಓದಲಿಲ್ಲ ಅಂತ ಅಪ್ಪನ ಮುಖ ಸ್ವಲ್ಪ ಬಾಡಿತು. ಕೊನೆಗೆ ಆ ಅಕ್ಕ ಕಾರ್ಡನ್ನು ಕಣ್ಣಿನ ಹತ್ತಿರ ತಂದು, “ಬರೆದವರು ಸ್ನೇಹಲ್ ಹೊಳಬಸಪ್ಪ ಬೆಲ್ಲದ, ಪುಣೆ,” ಅಂದಳು.

ಅಮ್ಮ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದಳು. ಸ್ನೇಹಲ್ ದಿವಾನದ ಮೇಲೆ ಕುಣಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಒಬ್ಬಳೇ ಕೈ ಎತ್ತಿ “ತಡೀರಿ, ಇನ್ನೂ ಅದ,” ಅಂತ ಟೀವಿಗೆ ಕಿವಿಗೊಟ್ಟು ಕೂತಿದ್ದಳು. ಟೀವಿಯ ಅಕ್ಕ ಬೇರೆ ಕಾರ್ಡ್ ಎತ್ತಿಕೊಂಡಳು.

“ಎತ್ತಿಂದು ಓದಲಿಲ್ಲಲ್ಲ,” ಅಂದಳು ಅಜ್ಜಿ.

“ಸ್ನೇಹಲ್ ಬರದಾಳೋ ಇಲ್ಲೋ,” ಅಂತ ಗೋದಾ ಕಾಕು ನಕ್ಕರು.

ಅಜ್ಜಿಗೆ ಸಿಟ್ಟು ಬಂತು. “ನಮ್ಮ ಹುಡುಗಿ ಬರದಾಳ. ನಾ ಕೇಳೀನಿ, ಆಕಿ ಬರದೀನಿ ಅಂದಾಳ. ಕಡೇ ಎರಡ ಸಾಲು, ಇಷ್ಟಿಷ್ಟ ದಪ್ಪ ಅಕ್ಷರ. ಕುಂಟ ಎತ್ತು ಹೂಡಿದವರು ತಮ್ಮ ತಪ್ಪ ತಾವ ಓದ್ತಾರೇನು?”

ಸ್ನೇಹಲ್ ಮೆಲ್ಲಗೆ ದಿವಾನದಿಂದ ಇಳಿದಳು.

ಅಜ್ಜಿ ಅಷ್ಟಕ್ಕೆ ಬಿಟ್ಟಳಾ? ಸಂಜೆಯೊಳಗೆ ತರಕಾರಿ ಗಾಡಿಯವನಿಗೆ ಹೇಳಿದಳು, ವಾಚ್‌ಮನ್‌ಗೆ ತನಗೆ ಬರುವ ಮರಾಠಿಯಲ್ಲಿ ಹೇಳಿದಳು. ಮೊಮ್ಮಗಳು ಎತ್ತಿನ ಪರವಾಗಿ ಬರೆದಳು, ಟೀವಿಯವರು ಅದನ್ನು ನುಂಗಿದರು ಅಂತ ಇಡೀ ಬಿಲ್ಡಿಂಗಿಗೆ ಗೊತ್ತಾಯಿತು. ಮೆಟ್ಟಿಲಿನಲ್ಲಿ ಸಿಕ್ಕವರೆಲ್ಲ ಸ್ನೇಹಲ್‌ಳ ತಲೆ ಸವರಿ, “ಗುಣವಂತ ಹುಡುಗಿ,” ಅಂದರು. ಅವಳು ತಲೆ ತಗ್ಗಿಸಿಕೊಂಡು ಓಡಿದಳು.

ಸೋಮವಾರ ಮಾಧುರಿ ತಾನಾಗಿಯೇ ಬಂದು ಪಕ್ಕ ಕೂತಳು. ಲೋಣಾವಳಾದಿಂದ ತಂದ ಚಿಕ್ಕಿಯನ್ನು ಅರ್ಧ ಮುರಿದು ಕೊಟ್ಟಳು. ಟೀವಿಯಲ್ಲಿ ಹೆಸರು ಬಂದಾಗ ಹೇಗನ್ನಿಸಿತು ಅಂತ ಮರಾಠಿಯಲ್ಲಿ ಕೇಳಿದಳು. ವರ್ಷವಿಡೀ ಈ ಗಳಿಗೆಗೆ ಕಾದಿದ್ದ ಸ್ನೇಹಲ್‌ಗೆ ಚಿಕ್ಕಿ ತಿನ್ನಬೇಕು ಅನ್ನಿಸಲಿಲ್ಲ. ಅದನ್ನು ವಾಪಸ್ ಅವಳ ಕೈಗಿಟ್ಟು ಹೊಟ್ಟೆ ನೋವು ಅಂದಳು.

ಮುಂದಿನ ಭಾನುವಾರ ಅವಳು ಎಲ್ಲರಿಗಿಂತ ಮೊದಲು ಹೋಗಿ ಅಜ್ಜಿಯ ಪಕ್ಕ ಕೂತಳು. ಟೈಟಲ್ ಸಾಂಗ್ ಶುರುವಾಯಿತು. ಇಷ್ಟು ವಾರವೂ ಆ ಹಾಡಿನಲ್ಲಿ ಅವಳು ಹೀರೋನ ಕುದುರೆಯನ್ನು ಮಾತ್ರ ನೋಡಿದ್ದಳು. ಇವತ್ತು ಕುದುರೆ ಬಿಟ್ಟು, ಮೊದಲ ಬಂಡಿಯ ಎಡಗಡೆಗೆ ಕಣ್ಣಿಟ್ಟಳು.

ಬಿಳಿ ಮುಖದ ಎತ್ತು ಬಂತು. ಮೂರು ಕಾಲು ಸರಿಯಾಗಿ ಊರುತ್ತಿತ್ತು. ನಾಲ್ಕನೆಯದನ್ನು ನೆಲಕ್ಕೆ ತಾಗಿಸಿ, ಬಿಸಿ ಹಂಚಿನ ಮೇಲೆ ಇಟ್ಟಂತೆ ಥಟ್ಟನೆ ಎತ್ತಿಕೊಳ್ಳುತ್ತಿತ್ತು. ಪ್ರತಿ ಸಲವೂ ಅದರ ತಲೆ ಒಂಚೂರು ಬಾಗುತ್ತಿತ್ತು. ಬಂಡಿಯ ಮೇಲಿನವರು ಕೈ ಬೀಸಿ ಹಾಡುತ್ತಿದ್ದರು. ಯಾರೂ ಕೆಳಗೆ ನೋಡುತ್ತಿರಲಿಲ್ಲ.

ಕುಂಟುತ್ತಿತ್ತು. ನಿಜವಾಗಿಯೂ ಕುಂಟುತ್ತಿತ್ತು. ಎತ್ತಿಗೆ ಆ್ಯಕ್ಟಿಂಗ್ ಬರುವುದಿಲ್ಲ.

ಸ್ನೇಹಲ್‌ಳ ಕಣ್ಣು ತುಂಬಿ ಬಂತು. “ಅಜ್ಜಿ,” ಅಂದಳು ಅವಳ ಸೀರೆಯ ಸೆರಗು ಹಿಡಿದು, “ನಾ ಎತ್ತಿಂದು ಬರದಿದ್ದಿಲ್ಲ. ಸುಳ್ಳ ಹೇಳಿದೆ.”

ಅಜ್ಜಿ ಟೀವಿಯಿಂದ ಕಣ್ಣು ತಿರುಗಿಸಿ ಅವಳನ್ನು ನೋಡಿದಳು.

“ಜಾಗಾ ಸಾಲಲಿಲ್ಲೇನು?”

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸ್ನೇಹಲ್ ಮೂಗು ಒರೆಸಿಕೊಂಡಳು. “ಸಾಲತಿತ್ತು. ನಾ ಅಲ್ಲಿ ನನ್ನ ಹೆಸರು ಬರದೆ.”

“ಎರಡ ಸಾಲು ತುಂಬಾ?”

“ಹೂಂ.”

“ಅಷ್ಟುದ್ದ ಹೆಸರ ಇಡಬಾರದಿತ್ತು ನಿಂಗ,” ಅಂದಳು ಅಜ್ಜಿ. ಆಮೇಲೆ ಅಡುಗೆಮನೆಗೆ ಹೋಗಿ ಕೈ ತೊಳೆದು ಬಂದಳು, ಬರೆಯುವವಳು ತಾನೇ ಅನ್ನುವ ಹಾಗೆ. “ವಾಚ್‌ಮನ್‌ಗ ನಾ ಏನ ಹೇಳಲಿ, ಅದನ ಮೊದಲ ಹೇಳು. ಹೋಗಲಿ. ಕಾರ್ಡ ತಗೊಂಡ ಬಾ.”

ಆ ವಾರ ಬಂಡಿಗಳು ಹೊಳೆ ದಾಟಿದವಂತೆ. ಗೋದಾ ಕಾಕು ಹೇಳಿದ ಮೇಲೆಯೇ ಸ್ನೇಹಲ್‌ಗೆ ಗೊತ್ತಾದದ್ದು. ಅವಳೂ ಅಜ್ಜಿಯೂ ಬಾಲ್ಕನಿಯಲ್ಲಿ ಕೂತು ಕಾರ್ಡ್ ಬರೆಯುತ್ತಿದ್ದರು. ಅಜ್ಜಿ ಹೇಳುತ್ತಾ ಹೋದಳು. ನಾಲ್ಕು ದಿನ ಅದನ್ನು ನೊಗಕ್ಕೆ ಹೂಡಬ್ಯಾಡ್ರಿ. ಬಿಸಿನೀರಿನಲ್ಲಿ ಗೊರಸು ತೊಳೆದು, ಅರಿಷಿಣ ಎಣ್ಣಿ ಹಚ್ಚಿ, ಗಾಯ ಮಾಯ್ದ ಮೇಲೆ ಹೊಸ ಲಾಳ ಬಡಸ್ರಿ. ಅದರ ಜೋಡಿ ಎತ್ತಿಗೂ ನಾಲ್ಕು ದಿನ ಬಿಡುವು ಕೊಡ್ರಿ, ಇಷ್ಟು ದಿನ ಇಬ್ಬರ ಭಾರ ಅದೊಂದೇ ಎಳದದ. ಸ್ನೇಹಲ್ ಒಂದು ಮಾತೂ ಬಿಡದೆ ಹಿಂದಿಯಲ್ಲಿ ಬರೆದಳು. ಆ ಶೂಟಿಂಗ್ ಯಾವ ಕಾಲದ್ದೋ, ಆ ಎತ್ತು ಈಗ ಎಲ್ಲಿದೆಯೋ ಅಂತ ಒಮ್ಮೆ ಅನ್ನಿಸಿತು. ಆದರೂ ಬರೆದಳು. ಕೊನೆಯ ತುದಿಯಲ್ಲಿ ‘ಬಸವಣ್ಣೆವ್ವ, ಪುಣೆ’ ಅಂತ ಸೇರಿಸಿದಳು.

ಅಜ್ಜಿ ಕಾರ್ಡನ್ನು ಕೈಗೆ ತೆಗೆದುಕೊಂಡು ಸಾಲುಗಳ ಮೇಲೆ ಬೆರಳಾಡಿಸಿದಳು. ಎಲ್ಲೂ ದಪ್ಪ ಅಕ್ಷರ ಸಿಗಲಿಲ್ಲ.

“ನಿನ್ನ ಹೆಸರೆಲ್ಲದ?”

“ಜಾಗಾ ಉಳೀಲಿಲ್ಲ ಅಜ್ಜಿ,” ಅಂದಳು ಸ್ನೇಹಲ್. ಈ ಸಲ ಅದು ನಿಜವಾಗಿತ್ತು.