ಹನ್ನೆರಡನೆಯವಳ ಹೆಸರು

"ಇದನ್ನ ಕೆಳಗ ಇಳಸ್ರಿ!"

ಏಣಿಯ ಮೇಲಿದ್ದ ಸಂಗ್ರಾಮ ತಿರುಗಿ ನೋಡಿದ. ಬಾಗಿಲಲ್ಲಿ ಒಬ್ಬ ತರುಣಿ. ದನಿ ಏರಿತ್ತು, ಕಣ್ಣು ಮಾತ್ರ ಸತ್ತಂತಿದ್ದವು.

ನಿಪ್ಪಾಣಿಯ ಹಳೆಯ ತಂಬಾಕು ವಖಾರಿಯೊಂದು ಊರಿನ ಇತಿಹಾಸ ಭವನವಾಗುತ್ತಿತ್ತು. ಹಳೆಯ ಫೋಟೊ ಅಂಟಿಸಿ, ಕೆಳಗೆ ಹೆಸರು ಬರೆದು ಫಲಕ ಮಾಡುವ ಕೆಲಸ ಅವನದು.

"ಅಲ್ಲಿ ಸಾವಕಾರರ ಕುದರಿಗೂ ಹೆಸರು ಬರದೀರಿ. ಇಲ್ಲಿ ಹನ್ನೆರಡು ಹೆಣ್ಮಕ್ಕಳಿಗೆ ಬರೇ 'ಕೂಲಿಕಾರರು'?"

"ಬಾಯಾರ, ಧೂಳಿಗೆ ಎಲ್ಲಾರೂ ಮಾರಿಗೆ ಬಟ್ಟಿ ಕಟ್ಟ್ಯಾರ. ಗುರ್ತು ಹೆಂಗ ಹಿಡೀಲ್ರಿ?"

"ಯಾರನ್ನರ ಕೇಳೀರೇನು?"

ಸಂಗ್ರಾಮ ಕೇಳಿರಲಿಲ್ಲ.

ಅವಳು ನೀಲಮ. ಇತಿಹಾಸದಲ್ಲಿ ಎಂ.ಎ. ಗಂಡ ಲಖನ ಕೊಗನೊಳ್ಳಿ ಹತ್ತಿರ ಟ್ರಕ್ಕಿಗೆ ಸಿಕ್ಕು ಸತ್ತು ಎರಡು ವರ್ಷ. ಅಂದಿನಿಂದ ಅವಳನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಅತ್ತೆಗೆ 'ಮಗಳ', ಓಣಿಗೆ 'ಲಖನನ ಹೇಂತಿ'.

ಆ ಭಾನುವಾರ ಅವಳು ಕರೆದಂತೆ ಸಂಗ್ರಾಮ ಆ ಫೋಟೊ ಹಿಡಿದು ಅವಳ ಮನೆಗೆ ಬಂದ. ಅತ್ತೆ ಸೀತವ್ವ ಗೋಡೆಗೆ ಒರಗಿದ್ದಳು. ಆ ವಖಾರಿಯಲ್ಲೇ ದುಡಿದವಳು; ಅಲ್ಲಿನ ಧೂಳು ಎದೆಯಲ್ಲಿ ಕೂತು ಅವಳ ಉಸಿರು ಕೀಚುಗುಡುತ್ತಿತ್ತು.

"ಮಾರಿ ಯಾಕ ಬೇಕೋ ತಮ್ಮಾ? ಬಟ್ಟಿ ಗಂಟ ನೋಡು." ಬೆರಳಿಟ್ಟಳು. "ಎಡಗಿವಿ ಮ್ಯಾಲ ಕಟ್ಟಾಕಿ ಅಕ್ಕುತಾಯಿ, ಎಡಚಿ. ಇಕಿ ಕಾಶಿಬಾಯಿ. ಎರಡೆರಡ ಗಂಟ ಹಾಕತಿದ್ಲು, ಅಂಜಬುರಕಿ!"

ಹೆಸರು, ಕೆಮ್ಮು, ಮತ್ತೊಂದು ಹೆಸರು... ಮೂರು ಭಾನುವಾರ, ಹನ್ನೊಂದು ಹೆಸರು. ಹನ್ನೆರಡನೆಯವಳಲ್ಲಿ ಬೆರಳು ನಿಂತಿತು.

"ಇಕಿ ಯಾರೋ... ಎರಡ ದಿನ ಬಂದ ಹೋದಾಕಿರಬೇಕು. ಫೋಟೊ ತಗದ ದಿನಾ ನಾ ಇರಲಿಲ್ಲ ಕಾಣತೈತಿ."

ಅವನು ಎದ್ದಾಗ ಸೀತವ್ವ ಕೈ ಹಿಡಿದಳು. "ಫಲಕದಾಗ ಹೆಸರು ಬರೂ ದಿನಾ ನನ್ನ ಹೊತಗೊಂಡರ ಹೋಗ್ರಿ."

"ಹೆಸರು ಖರೇನ ಹಾಕತೀನಿ ಆಯಿ."

ನೀಲಮ ಒಳಗೆ ಖಾಲಿ ಕಪ್ಪು ತೊಳೆಯುತ್ತಿದ್ದಳು. 'ಮುಂದಿನ ಭಾನುವಾರಕ್ಕೆ ನಾನು ಯಾಕೆ ಕಾಯಬೇಕು? ಛೇ...'

ಉದ್ಘಾಟನೆಗೆ ಹತ್ತು ದಿನ ಇರುವಾಗ ಸೀತವ್ವ ತೀರಿಕೊಂಡಳು.

ಉದ್ಘಾಟನೆಯ ದಿನ ಎಡಚಿ ಅಕ್ಕುತಾಯಿಯ ಜೊತೆ ನೀಲಮ ಭವನಕ್ಕೆ ಹೋದಳು. ಹೆಣ್ಣುಮಕ್ಕಳ ಫಲಕವಿದ್ದಲ್ಲಿ ಬರೀ ಮೊಳೆ. ಸಂಗ್ರಾಮನೂ ಇಲ್ಲ.

"ಕುದರಿ ಐತಲ್ಲ, ಬಿಡ," ಎಂದು ಅಕ್ಕುತಾಯಿ ನಕ್ಕಳು. ಕೆಟ್ಟ ನಗು.

'ಸಾಯುವವಳಿಗೆ ಮಾತು ಕೊಟ್ಟಿದ್ದ... ಇವನೂ ಅಷ್ಟೇ!' ನೀಲಮಳೊಳಗೆ ಈಗಷ್ಟೇ ಬೆಚ್ಚಗಾಗಿದ್ದದ್ದು ಮತ್ತೆ ಕಲ್ಲಾಯಿತು.

ಮನೆಗೆ ಬಂದರೆ ಹೊಸ್ತಿಲ ಹೊರಗೆ ಅವನೇ! ತೊಡೆಯ ಮೇಲೆ ಫಲಕ.

"ಯಾಕ ಬಂದೀರಿ?"

"ಆ ಓಣಿ ಕೂಲಿ ಹೆಂಗಸರ ಹೆಸರು ಇಲ್ಯಾಕ, ಅಳಸು ಅಂದ್ರು ಭವನದ ಸಮಿತಿಯವರು. ಆಗೂದಿಲ್ಲ ಅಂದೆ. ಫಲಕ ಇಳಿಸ್ಕೊಂಡ ಬಂದೆ... ಕೆಲಸಾನೂ ಅಲ್ಲೇ ಬಿಟ್ಟೆ."

ನೀಲಮ ಬಗ್ಗಿ ಫಲಕವನ್ನು ಬೆಳಕಿಗೆ ತಿರುಗಿಸಿದಳು.

ಅಕ್ಕುತಾಯಿ ಫಲಕಕ್ಕೆ ಕಣ್ಣು ಹತ್ತಿರ ತಂದಳು. "ಇಕಿ ಬುಡಕ ಯಾಕ ಖಾಲಿ?"

"ಆಯಿಗೆ ಗುರ್ತ ಸಿಗಲಿಲ್ಲ."

"ಅಯ್ಯ ಹುಚ್ಚ! ತುದಿ ತಿರುವಿ ಗಂಟಿನೊಳಗ ತುರಕಾಕಿ ಒಬ್ಬಾಕಿನ. ಇದು ನಮ್ಮ ಸೀತಿ ಅಲ್ಲೇನ!"

ಎಲ್ಲರ ಗಂಟನ್ನೂ ನೋಡಿದ್ದಳು ಸೀತವ್ವ. ತನ್ನದನ್ನು ನೋಡಿರಲಿಲ್ಲ. ವಖಾರಿಯಲ್ಲಿ ಕನ್ನಡಿ ಇರಲಿಲ್ಲ.

ಲಖನ ಹೋದಾಗಲೂ ಅಳದ ನೀಲಮ ಅಲ್ಲೇ ಕುಸಿದು ಅತ್ತಳು. ಸಂಗ್ರಾಮ ಕಾದ. ಆಮೇಲೆ ಕುಂಚ ನೀಡಿದ.

"ನೀವ ಬರೀರಿ."

ಸೀತವ್ವ. ಅಕ್ಷರ ಸೊಟ್ಟಗಾದವು. ಒರೆಸಲಿಲ್ಲ.

ಮನೆಯ ಹೊರಗೋಡೆಗೆ, ಓಣಿಗೆ ಮುಖವಾಗಿ, ಅವನು ಫಲಕ ಹೊಡೆದ. ಸತ್ತವರ ಮಕ್ಕಳು ಬಂದು ಸುಮ್ಮನೆ ಹೆಸರು ಮುಟ್ಟಿ ಹೋದರು. ಬದುಕಿದ್ದವಳು ಅಕ್ಕುತಾಯಿ ಒಬ್ಬಳೇ.

ಎಲ್ಲರೂ ಹೋದ ಮೇಲೆ ಅವನು ನಿಂತೇ ಇದ್ದ.

"ಇಷ್ಟ ದಿನ ಬಾಯಾರ ಅಂದೆ. ಇನ್ನ... ಹೆಸರು ಹಿಡದ ಕರೀಲೇನ್ರಿ? ಜಲಮಪೂರ್ತಿ?"

ನೀಲಮ ಫಲಕದ ಸೊಟ್ಟ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಮೊದಲ ಒಮ್ಮೆ ಕರೀರಿ. ನನಗ ಇನ್ನೂ ಕೇಳತೈತೋ ಇಲ್ಲೋ..."

"ನೀಲಮ."

ಅವಳು ಅವನತ್ತ ತಿರುಗಿ ಓಗೊಟ್ಟಳು.

"ಓ..."