ಮೂರು ಪೆನ್‌ಡ್ರೈವ್, ಒಂದು ಮರೆವು

"ಇದರಲ್ಲಿ ಏನೂ ಓಡಲ್ಲ. ಓಡೋಂಥದ್ದು ಏನಾದ್ರೂ ಹಾಕ್ಕೊಡಿ. ಉಚಿತವಾಗಿ ಸಿಗೋದೇ ಆಗ್ಬೇಕು."

ಹಳೆಯ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟು ಅವಳು ಕುರ್ಚಿ ಎಳೆದುಕೊಂಡು ಕೂತಳು. ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಶುಕ್ರವಾರ ಪ್ರಾಜೆಕ್ಟ್ ಒಪ್ಪಿಸದಿದ್ದರೆ ಇಡೀ ವರ್ಷ ನೀರಿನಲ್ಲಿ ಹೋಮ.

ಎದುರಿಗಿದ್ದ ಮೆಕ್ಯಾನಿಕ್ ತಲೆ ಎತ್ತಿದ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಅವಳನ್ನೇ ನೋಡುತ್ತಾ ಉಳಿದ...

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. 'ಇದೇನಾಯ್ತು ನನಗೆ?' ಅಂದುಕೊಂಡಳು.

"ವಿಂಡೋಸ್ ಬಿಟ್ಟು ಲಿನಕ್ಸ್ ಹಾಕ್ಕೊಳ್ಳಿ, ಅದು ಉಚಿತ," ಎಂದ ಕೊನೆಗೂ.

"ಲಿನಕ್ಸಲ್ಲಿ ಆರ್ಚ್ ಅಂತ ಇದೆಯಲ್ಲ, ಅದನ್ನ ಹಾಕ್ತೀರಾ? ದೊಡ್ಡ ಪ್ರೋಗ್ರಾಮರ್‌ಗಳೆಲ್ಲ ಅದನ್ನೇ ಬಳಸ್ತಾರಂತೆ."

"ನೀವು ಪ್ರೋಗ್ರಾಮಿಂಗ್ ಕಲೀಬೇಕೋ, ದಿನಾ ಸಿಸ್ಟಂ ರಿಪೇರಿ ಮಾಡ್ತಾ ಕೂರಬೇಕೋ? ರಿಪೇರಿಗೆ ನಾನಿದ್ದೀನಲ್ಲ."

ಅಂದವನ ಕಿವಿ ಕೆಂಪಾಯಿತು. ಗಲ್ಲಾದಲ್ಲಿ ಕೂತಿದ್ದ ಅವನ ಅಕ್ಕ ಸುಮ್ಮಸುಮ್ಮನೆ ಕೆಮ್ಮಿದಳು.

ಅವನು ಮೂರು ಪೆನ್‌ಡ್ರೈವ್ ಕೊಟ್ಟ. ಒಂದೊಂದರಲ್ಲೂ ಒಂದೊಂದು ಬಗೆಯ ಲಿನಕ್ಸ್: ಉಬುಂಟು, ಫೆಡೋರಾ, ಮಿಂಟ್. "ಈಗಲೇ ಇನ್‌ಸ್ಟಾಲ್ ಬೇಡ. ಪೆನ್‌ಡ್ರೈವಿಂದಲೇ ಓಡಿಸಿ ನೋಡಿ. ಕೈಗೆ ಒಗ್ಗಿದ್ದನ್ನ ಹಾಕ್ಕೊಡ್ತೀನಿ."

ಮನೆಯಲ್ಲಿ ಮೂರನ್ನೂ ಓಡಿಸಿ ನೋಡಿದಾಗ ಅವಳಿಗೆ ಒಗ್ಗಿದ್ದು ಮಿಂಟ್. ಹುಡುಕಿದ ಕಡೆ ಮೆನು ಇತ್ತು, ಕೋಡ್ ಬರೆಯೋಕೆ ಬೇಕಾದ ಪೈಥಾನ್ ಮೊದಲೇ ಇತ್ತು, ಲ್ಯಾಪ್‌ಟಾಪ್ ಏದುಸಿರು ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಮುನ್ನೂರು ಸಾಲು ಕೋಡ್ ಬರೆದು, ಸೇವ್ ಮಾಡಿ, ಆಫ್ ಮಾಡಿದಳು.

ಬುಧವಾರ ತೆರೆದರೆ ಒಂದು ಸಾಲೂ ಇಲ್ಲ.

ನೇರ ಅಂಗಡಿಗೆ ಬಂದಳು. "ನನ್ನ ಕೋಡ್ ಎಲ್ಲಿ?"

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ... ಪೆನ್‌ಡ್ರೈವಿಂದ ಓಡಿಸಿದಾಗ ಅದರಲ್ಲಿ ಬರೆದದ್ದು ಉಳಿಯಲ್ಲ. ಆಫ್ ಮಾಡಿದ್ರೆ ಹೋಗುತ್ತೆ. ನಾನು ಹೇಳ್ಲಿಲ್ವಾ?"

"ಹೇಳ್ಲಿಲ್ಲ."

'ಏನೂ ಗೊತ್ತಿಲ್ಲದವಳು ಅಂತ ಆಟ ಆಡಿಸಿದನಾ?' ಕಣ್ಣು ತುಂಬಿ ಬಂತು. "ನಿಮಗೆ ಇದು ತಮಾಷೆ. ನನಗೆ ಒಂದು ವರ್ಷ."

ಬಾಗಿಲವರೆಗೆ ಹೋದವಳನ್ನು ಅಕ್ಕ ತಡೆದಳು. "ನಿಲ್ಲಮ್ಮಾ. ಇವನು ಬಾಯಿ ಬಿಡೋದೇ ಅಪರೂಪ. ಆದ್ರೆ ಈ ಮಾತನ್ನ ಪ್ರತಿ ಗಿರಾಕಿಗೂ ಮೂರು ಸಲ ಹೇಳ್ತಾನೆ, ನನಗೇ ಬಾಯಿಪಾಠ ಆಗಿದೆ. ನಿನಗೊಬ್ಬಳಿಗೇ ಮರೆತಿದ್ದಾನೆ. ಯಾಕೆ ಅಂತ ಅವನನ್ನೇ ಕೇಳು."

"ಯಾಕೆ?"

"ನೀವು ಎದುರಿಗೆ ಕೂತಿದ್ರಿ..." ಅವನು ಮೇಜು ನೋಡುತ್ತಾ ಹೇಳಿದ. "ತಲೇಲಿ ಬೇರೇನೂ ಉಳೀಲಿಲ್ಲ."

ಅವಳ ಸಿಟ್ಟು ಇಳಿಯಲಿಲ್ಲ. ಆದರೆ ಎದೆ ಯಾಕೋ ಜೋರಾಗಿ ಬಡಿದುಕೊಂಡಿತು.

"ಹೋದದ್ದು ವಾಪಸ್ ಬರುತ್ತಾ?"

"ಬರಲ್ಲ."

ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ, ಅದು ಅವಳಿಗೆ ಹಿಡಿಸಿತು. ಅವಳ ಹಳೆಯ ಫೈಲುಗಳನ್ನೆಲ್ಲ ಕಾಪಿ ಮಾಡಿಟ್ಟು, ಅವನು ಮಿಂಟನ್ನು ಹಾರ್ಡ್‌ಡಿಸ್ಕಿಗೇ ಹಾಕಿಕೊಟ್ಟ. ಅವನ ಮೇಜಿನ ಒಂದು ಮೂಲೆಯಲ್ಲೇ ಕೂತು ಅವಳು ನೆನಪಿನಿಂದ ಮತ್ತೆ ಬರೆದಳು. ಎರಡು ದಿನ ಹಿಡಿಯಿತು. ಬೆಸುಗೆ ಹಾಕುವಾಗ ಹೊಗೆ ಅವಳ ಕಡೆ ಹೋಗದಂತೆ ಅವನು ಫ್ಯಾನ್ ತಿರುಗಿಸಿಟ್ಟ.

ಎರಡನೇ ಸಲ ಕೋಡ್ ಇನ್ನೂರೇ ಸಾಲಿಗೆ ಮುಗಿಯಿತು.

ಶುಕ್ರವಾರ ಸಂಜೆ ಅವಳು ಬರಿಗೈಯಲ್ಲಿ ಬಂದಳು.

"ಪ್ರಾಜೆಕ್ಟ್ ಪಾಸಾಯ್ತು."

"ಲ್ಯಾಪ್‌ಟಾಪ್ ತರ್ಲಿಲ್ವಾ? ಏನು ತೊಂದ್ರೆ?"

"ತೊಂದ್ರೆ ಏನಿಲ್ಲ. ನೀವು ನನಗಿಷ್ಟ. ಅದನ್ನ ಹೇಳೋಕೆ ಬಂದೆ."

ಗಲ್ಲಾದಲ್ಲಿದ್ದ ಅಕ್ಕ ಎದ್ದು ಒಳಗೆ ಹೋದಳು.

"ನನಗೂ..." ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಮೊದಲ ದಿನದಿಂದ."

"ಗೊತ್ತು," ಅವಳು ನಕ್ಕಳು. "ನನ್ನ ಮುನ್ನೂರು ಸಾಲು ಹೋದದ್ದೇ ಅದಕ್ಕಲ್ವಾ?"