ನಡೆದುಹೋದ ಗಡಿಕಲ್ಲುಗಳು

ಒಂದಾನೊಂದು ಊರಿನಲ್ಲಿ ಒಂದು ಜೌಗು ಇತ್ತು. ಅದರ ಸುತ್ತ ಗಡಿಕಲ್ಲುಗಳು ಕಾವಲು ನಿಂತಿದ್ದವು. ಕಲ್ಲುಗಳ ಒಳಗೆ ಯಾರೂ ಕಟ್ಟುವಂತಿಲ್ಲ, ಮಣ್ಣು ಸುರಿಯುವಂತಿಲ್ಲ. ಅದು ನೀರಿಗೂ ಹಕ್ಕಿಗೂ ಬಿಟ್ಟ ನೆಲ. ಅಜ್ಜಿ ಕಥೆಯಾಗಿದ್ದರೆ ಇಲ್ಲೊಬ್ಬ ರಾಕ್ಷಸ ಬರಬೇಕಿತ್ತು. ಬಂದದ್ದು ಬೇಸಿಗೆ. ನೀರು ಹಿಂದೆ ಸರಿಯಿತು. ಒಂದು ಬೆಳಗ್ಗೆ ನೋಡಿದರೆ ಒಂದು ಬದಿಯ ಕಲ್ಲುಗಳೆಲ್ಲ ಎದ್ದು ನಡೆದುಹೋಗಿದ್ದವು.

ನೀರಿನ ಕಡೆಗಲ್ಲ. ಪಕ್ಕದ ಬಿಲ್ಡರನ ಸೈಟಿನೊಳಕ್ಕೆ.

"ನನ್ನ ಅರ್ಧ ಸೈಟು ನುಂಗಿ ನೀರು ಕುಡಿದಿದ್ದಾರೆ ಮೇಡಂ," ಎಂದ ಬಿಲ್ಡರ್. "ಯಾರು ಅಂತ ನಾನೇ ಹೇಳಬೇಕಾ? ಕಲ್ಲಿನ ಪಕ್ಕ ಬಿದ್ದಿರೋ ಆ ಹಾರೆ ನೋಡಿ."

ಜೌಗು ರಕ್ಷಣೆಯ ಇನ್‌ಸ್ಪೆಕ್ಟರ್ ನೋಡಿದಳು. ಹಾರೆಗೆ ಹೂವಿನ ಚಿತ್ರದ ಬಟ್ಟೆ ಸುತ್ತಿತ್ತು. ಅದು ದರ್ಜಿ ಕೊಕ್ಕರೆ ಚಿಕ್ಕಮ್ಮನದು. ಸೀರೆ ಎತ್ತಿಕಟ್ಟಿ, ದಿನಾ ಜೌಗಿನಂಚಿನಲ್ಲಿ ನಿಂತು ಕಾಯುವವಳಿಗೆ ಊರು ಇಟ್ಟ ಹೆಸರು ಅದು.

"ಈಗ ಏನಾಗಬೇಕು ಅಂತೀರಿ?"

"ಕಲ್ಲಿನ ಹಳೇ ಜಾಗ ಗೊತ್ತಾಗದಿದ್ರೆ ಹೊಸದಾಗಿ ಅಳೀಬೇಕು, ಕಾನೂನೇ ಹಾಗಿದೆ. ನಾಳೇನೇ ಅಳೀರಿ. ಆಯಮ್ಮನ ಮೇಲೆ ಕೇಸ್ ಹಾಕಿ, ಇನ್ನು ಜೌಗಿನ ಹತ್ತಿರ ಸುಳಿಯೋಕೆ ಬಿಡಬೇಡಿ."

* * *

ಚಿಕ್ಕಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಹಾರೆ ನಂದೇ ಕಣಮ್ಮ. ಜಗಲಿ ಮೇಲೆ ಬಿದ್ದಿರುತ್ತೆ, ಯಾರು ಬೇಕಾದ್ರೂ ತಗೊಂಡು ಹೋಗ್ತಾರೆ. ಕಲ್ಲು ಕೀಳೋ ಸೊಂಟ ಇದ್ದಿದ್ರೆ ನಾನ್ಯಾಕೆ ಕೂತು ಬಟ್ಟೆ ಹೊಲೀತಿದ್ದೆ?"

"ಯಾರಾದ್ರೂ ಸಹಾಯ ಮಾಡಿರಬಹುದಲ್ಲ?"

"ನನಗಾ? ನಾನು ಕರೆದ್ರೆ ನನ್ನ ಬೆಕ್ಕೂ ಬರಲ್ಲ." ಯಂತ್ರ ನಿಂತಿತು. ದನಿ ಇಳಿಯಿತು. "ಕೇಸ್ ಹಾಕಿದ್ರೆ ಹಾಕಲಿ. ಆ ನೀರಿನ ಮುಖ ನೋಡದೆ ಹೆಂಗಿರಲಿ, ಹೇಳು?"

"ಇವತ್ತು ಸಂಜೆಯೊಳಗೆ ಕಲ್ಲುಗಳನ್ನ ಅವುಗಳ ಜಾಗದಲ್ಲೇ ನಿಲ್ಲಿಸ್ತೀನಿ ಚಿಕ್ಕಮ್ಮ. ಮಾತು ಕೊಟ್ಟೆ."

"ಮೊದಲು ಆ ಜಾಗ ಹುಡುಕು ತಾಯಿ. ಆಮೇಲೆ ಮಾತು ಕೊಡುವೆಯಂತೆ."

* * *

ಹಳೆಯ ಗುಂಡಿಗಳು ಮಾಯವಾಗಿದ್ದವು. ಯಾರೋ ಮುಚ್ಚಿ, ಮೇಲೆ ಒಣಹುಲ್ಲು ಹರಡಿದ್ದರು. ಇನ್‌ಸ್ಪೆಕ್ಟರ್ ಚಪ್ಪಲಿ ಬಿಟ್ಟಳು. ಜೌಗಿನ ಕಪ್ಪು ಮಣ್ಣು ಬೇಸಿಗೆಯಲ್ಲೂ ಬೆಣ್ಣೆಯಂತೆ ಮೆತ್ತಗೆ. ಬಿಸಿಲು ಲೆಕ್ಕಿಸದೆ ನಡೆದಳು, ಹಿಂತಿರುಗಿ ಮತ್ತೆ ನಡೆದಳು. ಕಾಲಿಗೆ ಏನೋ ಚುಚ್ಚಿತು. ಹುಲ್ಲು ಸರಿಸಿದರೆ ಕೆಂಪು ಗರಸು, ಹರಳು ಬೆರೆತ ಮಣ್ಣು. ಇನ್ನಷ್ಟು ಮುಂದೆ ಮತ್ತೊಂದು ಕಡೆ ಅದೇ ಗರಸು.

ಹಾಗೆ ಒಂದೊಂದೇ ಗುಂಡಿ ಸಿಗುತ್ತಾ ಹೋದಂತೆ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಗಡಿ ಮುಂದೆ ತಳ್ಳಿ ಸುಮ್ಮನಾಗುವವರಿಗೆ ಗುಂಡಿ ಬಚ್ಚಿಡುವ ಉಸಾಬರಿ ಯಾಕೆ?

* * *

"ಸಿಹಿ ಸುದ್ದಿ," ಬಿಲ್ಡರನಿಗೆ ಹೇಳಿದಳು. "ಹಳೇ ಗುಂಡಿಗಳೆಲ್ಲ ಸಿಕ್ಕಿದ್ವು. ಕಲ್ಲುಗಳನ್ನ ಅಲ್ಲೇ ನೆಡ್ತೀನಿ. ನಿಮ್ಮ ಸೈಟು ಇವತ್ತೇ ನಿಮಗೆ ವಾಪಸ್."

ಬಿಲ್ಡರನ ಮುಖ ಹುಳ್ಳಗಾಯಿತು. "ಅದು... ಬೇಡ ಮೇಡಂ. ಹೊಸದಾಗಿ ಅಳೆಯೋದೇ ಸರಿ."

"ಕಳೆದದ್ದು ಕೈಗೆ ಬರ್ತಿದೆ, ಬೇಡ ಅಂತೀರಲ್ಲ?"

ಬಿಲ್ಡರ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

"ನಾನೇ ಹೇಳ್ತೀನಿ. ಹಿಂದೆ ಅಳೆದಾಗ ಮಳೆಗಾಲ. ನೀರು ಇಲ್ಲೀತನಕ ಇತ್ತು. ಅಳೆಯುವ ದಿನ ನೀರಿನ ಅಂಚು ಎಲ್ಲಿರುತ್ತೋ ಅಲ್ಲಿಂದ ಗಡಿ ಲೆಕ್ಕ. ಈ ಬೇಸಿಗೇಲಿ ಅಳೆದ್ರೆ ಗಡಿ ಎಷ್ಟೋ ಒಳಗೆ ಹೋಗುತ್ತೆ. ನೀರು ಬಿಟ್ಟುಹೋದ ನೆಲವೆಲ್ಲ ನಿಮ್ಮದಾಗುತ್ತೆ. ಕಲ್ಲನ್ನ ನೀರಿನ ಕಡೆ ತಳ್ಳಿದ್ರೆ ಅನುಮಾನ ನಿಮ್ಮ ಮೇಲೆ. ನಿಮ್ಮ ಕಡೆಗೇ ಎಳೆದ್ರೆ ಚಿಕ್ಕಮ್ಮನ ಮೇಲೆ. ಅದಕ್ಕೇ ಅವರ ಹಾರೆ. ಭೇಷ್, ಬುದ್ಧಿವಂತಿಕೆ ಅಂದ್ರೆ ಇದು. ಆದ್ರೆ ಗುಂಡಿ ಮುಚ್ಚೋಕೆ ನಿಮ್ಮ ಪಾಯದ ಗರಸೇ ಬೇಕಿತ್ತಾ? ಈ ಜೌಗಲ್ಲಿ ಕೆಂಪು ಮಣ್ಣು ಔಷಧಕ್ಕೂ ಸಿಗಲ್ಲ."

ಬಿಲ್ಡರ್ ತನ್ನ ಅಗೆಯುವ ಯಂತ್ರದ ಚಾಲಕನತ್ತ ಕಣ್ಣು ಕೆಂಪಗೆ ಮಾಡಿದ.

"ನನ್ನನ್ಯಾಕೆ ನೋಡ್ತೀರಾ ಸಾರ್?" ಚಾಲಕ ಗೊಣಗಿದ. "ಕಿತ್ತು ನೆಡು ಅಂದ್ರಿ, ನೆಟ್ಟೆ. ಕೈಗೆ ಸಿಕ್ಕಿದ್ದು ಹಾಕಿ ಮುಚ್ಚು ಅಂದ್ರಿ, ಮುಚ್ಚಿದೆ."

* * *

ಪೊಲೀಸರು ಬಿಲ್ಡರನನ್ನು ಕರೆದೊಯ್ದರು. ಅವನದೇ ಯಂತ್ರ ಗರಸನ್ನು ಎತ್ತಿ ಹಾಕಿ, ಕಲ್ಲುಗಳನ್ನು ಒಂದೊಂದಾಗಿ ತಂದಿಳಿಸಿತು. ಚಿಕ್ಕಮ್ಮ ಸೀರೆ ಎತ್ತಿಕಟ್ಟಿ ನಿಂತು ಚಾಲಕನಿಗೆ ಅಪ್ಪಣೆ ಕೊಟ್ಟಳು.

"ಎಡಕ್ಕಪ್ಪಾ. ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ."

ಕೆಸರು ಮೆತ್ತಿದ ಇನ್‌ಸ್ಪೆಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಂದಳು: "ಹೋಗ್ಲಿ ಬಿಡು, ನೀನೂ ಒಂದು ಕೊಕ್ಕರೇನೇ."

ಬೆಳಕು ಇರುವಾಗಲೇ ಕೊನೆಯ ಕಲ್ಲು ಗುಂಡಿಗಿಳಿಯಿತು. ಇಬ್ಬರೂ ಸೇರಿ ಸುತ್ತ ಕಪ್ಪು ಮಣ್ಣು ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದರು.